ಹಲಸಿನ ಸುದ್ದಿ ಹೇಳಿದವರು ಯಾರು?

ಹೂಂಗುಟ್ಟುವವರು ಮುಂದೆ ಬನ್ನಿ. ತೂಕಡಿಸುವವರು ಗೋಡೆಗೆ ಒರಗಿ ಕೂತುಕೊಳ್ಳಿ. ನಡುನಡುವೆ ಪ್ರಶ್ನೆ ಕೇಳುವ ಅಭ್ಯಾಸ ಇರುವವರು ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಳ್ಳಿ, ಅದು ಕರಗುವ ತನಕವಾದರೂ ನನಗೆ ಬಿಡುವು. ಕಥೆ ಶುರುವಾಯಿತು.

ಒಂದು ಊರಿತ್ತು. ಯಾವ ಊರು ಅಂತೀರಾ? ನಮ್ಮೂರಲ್ಲ, ನಿಮ್ಮೂರೂ ಅಲ್ಲ. ಆ ಊರಿಗೆ ಹೋಗಿ ಬಂದವರಿಗೆ ದಾರಿ ಮರೆತುಹೋಯಿತಂತೆ, ಬಾಯಲ್ಲಿ ಹಣ್ಣಿನ ರುಚಿ ಮಾತ್ರ ಉಳಿದಿತ್ತಂತೆ. ಅಂಥ ಊರು.

ಆ ಊರಲ್ಲಿ ಹಿತ್ತಲಿಗೊಂದು ಮಾವು, ಬಚ್ಚಲ ನೀರಿಗೊಂದು ಬಾಳೆ, ಬೇಲಿಗೊಂದು ಸೀತಾಫಲ. ಕಾಯಿ ಕೀಳುವುದು ಅವರವರ ಕೆಲಸ. ಆದರೆ ಕಾಯಿಯನ್ನು ಹಣ್ಣು ಮಾಡುವುದು ಒಂದೇ ಒಂದು ಮನೆಯ ಕೆಲಸ. ಅದಕ್ಕೆ ಅಡೆಮನೆ ಅಂತ ಹೆಸರು. ಅಡೆ ಅಂದರೆ ಗೊತ್ತಲ್ಲ? ಕತ್ತಲೆ ಕೋಣೆ, ನೆಲದ ಮೇಲೆ ಒಣಹುಲ್ಲು, ಹುಲ್ಲಿನ ಮೇಲೆ ಕಾಯಿ, ಕಾಯಿಯ ಮೇಲೆ ಮತ್ತೆ ಹುಲ್ಲು. "ಮಗಳ ಮದುವೆ ಇಂಥ ದಿನ ಕಣವ್ವ" ಅಂತ ಕಾಯಿ ತಂದು ಸುರಿದು ಹೋದರೆ ಸಾಕು. ಹಿಂದಿನ ದಿನ ನೋಡಿದರೆ ಹುಳಿ. ಮಾರನೆಯ ದಿನ ನೋಡಿದರೆ ಕೊಳೆ. ಆ ದಿನ ಬೆಳಗ್ಗೆ ನೋಡಿದರೆ, ಆಹಾ, ಹಣ್ಣು.

ಆ ಕೋಣೆಗೆ ಬೀಗ ಇರಲಿಲ್ಲ. ಬೀಗ ಹಾಕಿದರೆ ಹಣ್ಣು ಮುನಿಸಿಕೊಳ್ಳುತ್ತೆ ಅನ್ನುವುದು ಅವರ ನಂಬಿಕೆ. ಒಂದು ಚಿಲಕ, ಅಷ್ಟೆ. ಆದರೆ ಒಳಗೆ ಹೋಗುವವಳು ಒಬ್ಬಳೇ, ಅಡೆಮನೆಯ ಯಜಮಾನಿ. ಬೇರೆ ಕೈ ಆಡಿದರೆ ಅಡೆ ಕೆಡುತ್ತೆ ಅಂತ ಊರಿಗೆ ಊರೇ ನಂಬಿತ್ತು.

ಆಗಿನ ಯಜಮಾನಿಯ ಹೆಸರು ಹೊನ್ನಾಜಮ್ಮ. ಕಡ್ಡಿಯಂಥ ಮೈ, ಗಿಳಿಮೂಗು. ಬಾಗಿಲಲ್ಲಿ ನಿಂತು ಒಂದು ಸಲ ಮೂಗು ಏರಿಸಿದಳೋ, "ಎಡಗಡೆ ಮೂಲೆಯದು ನಾಳೆಗೆ, ಬಲಗಡೆಯದು ಸಂತೆಗೆ" ಅಂದುಬಿಡುವಳು. ಹಾಗೇ ಆಗುವುದು. ಊರ ಯಾವ ಶುಭಕಾರ್ಯಕ್ಕೂ ಮೊದಲ ವೀಳ್ಯ ಅವಳಿಗೆ.

ಎಲ್ಲ ಸರಿ. ಒಂದೇ ತೊಂದರೆ. ಹೊನ್ನಾಜಮ್ಮ ಯಾರನ್ನೂ ನಂಬಿದವಳಲ್ಲ.

ಅದನ್ನು ಅವಳಿಗೆ ಕಲಿಸಿದ್ದು ಯಾರು? ಹಣ್ಣುಗಳೇ! ಹಣ್ಣಿನಷ್ಟು ಸುಳ್ಳು ಹೇಳುವ ಜಾತಿ ಇನ್ನೊಂದಿಲ್ಲ ಅನ್ನುವಳು. ಪರಂಗಿ ಮೈತುಂಬ ಹಳದಿ ಬಳಿದುಕೊಂಡು ಬರುತ್ತೆ, ಕುಯ್ದರೆ ಒಳಗೆ ಇನ್ನೂ ಹಾಲು. ಮಾವಿನಲ್ಲಿ ಒಂದು ಜಾತಿ ಕೊನೆಯವರೆಗೂ ಹಸಿರು ಸೀರೆ ಬಿಡುವುದಿಲ್ಲ, ಒಳಗೆ ನೋಡಿದರೆ ಜೇನು. ಸಪೋಟ ಮೈಮೇಲಿನ ತೌಡು ಉದುರುವ ತನಕ ಗುಟ್ಟು ಬಿಡದು. ಬಾಳೆ ಬಹಳ ಅವಸರದ್ದು, ತಾನು ಹಣ್ಣಾಗುವುದಲ್ಲದೆ ಪಕ್ಕದಲ್ಲಿ ಮಲಗಿದ್ದನ್ನೂ ಎಬ್ಬಿಸಿ ಹಣ್ಣು ಮಾಡುತ್ತೆ. ಸೀತಾಫಲ ಸ್ವಲ್ಪ ಸಭ್ಯ. ಕಣ್ಣು ಬಿಟ್ಟಾಗ ಕಿತ್ತು ಕಂಬಳಿ ಹೊದಿಸಿದರೆ ತಾನೇ ಮೆತ್ತಗಾಗುತ್ತೆ. ಆದರೆ ಅರ್ಧ ದಿನ ಮರೆತಿರೋ, ಎತ್ತಿದ ಕೈಯಲ್ಲೇ ಕುಸಿದು ಕೂರುತ್ತೆ. ಇನ್ನು ನೇರಳೆ, ದ್ರಾಕ್ಷಿ, ದಾಳಿಂಬೆ? ಹಠಮಾರಿಗಳು. ಮರದಲ್ಲೋ ಬಳ್ಳಿಯಲ್ಲೋ ಆದದ್ದೇ ಹಣ್ಣು. ಕಿತ್ತ ಮೇಲೆ ಎಷ್ಟು ಹುಲ್ಲು ಹೊದಿಸಿ ಮುದ್ದು ಮಾಡಿದರೂ ಒಂದು ಹನಿ ಸಿಹಿ ಹೆಚ್ಚಿಗೆ ಕೊಡವು.

"ಇಂಥವುಗಳ ಜೊತೆ ಬಾಳಿದವಳು ನಾನು, ನನಗೇ ಟೋಪಿ ಹಾಕ್ತೀರಾ?" ಅನ್ನುವಳು ಹೊನ್ನಾಜಮ್ಮ. ಹಾಲು ತರುವವಳಿಗೂ ಇದೇ ಮಾತು. ಗಂಡನಿಗೂ ಇದೇ ಮಾತು.

ಗಂಡ ಮರಿಯಪ್ಪ ಸಾಧು ಮನುಷ್ಯ. ಬೈದರೂ ತಲೆ ಆಡಿಸುವನು, ಹೊಗಳಿದರೂ ತಲೆ ಆಡಿಸುವನು. ಒಬ್ಬನೇ ಮಗ ಚೆಲುವಯ್ಯ. ಅವನಿಗೆ ದೂರದ ಬಯಲುಸೀಮೆಯಿಂದ ಹೆಣ್ಣು ತಂದರು, ದೇವೀರಿ ಅಂತ. ಮದುವೆ ಹೆಣ್ಣಿನ ಕಡೆಯೇ ಆಯಿತು. ಅವಳ ಊರಿನಲ್ಲಿ ಹಣ್ಣು ಅಂದರೆ ಬೋರೆ, ಕಾರೆ, ಬೇಲ. ಮುಳ್ಳಿನ ನಡುವೆ ಕೈ ಹಾಕಿ ಕಿತ್ತುಕೊಳ್ಳಬೇಕು, ಕಿತ್ತಲ್ಲೇ ನಿಂತು ತಿನ್ನಬೇಕು. ಹುಲ್ಲಲ್ಲಿ ಮಲಗಿಸಿ ಹಣ್ಣು ಮಾಡುತ್ತಾರೆ ಅನ್ನುವುದನ್ನೇ ಅವಳು ಕೇಳಿರಲಿಲ್ಲ. ಬಂದ ಹೊಸದರಲ್ಲಿ ಕೋಣೆಯ ಬಾಗಿಲಿಗೆ ಹೋಗಿ, "ಒಳಗೆ ಯಾರಿದ್ದಾರೆ ಅತ್ತೆ?" ಅಂತ ಕೇಳಿದಳು.

"ಯಾರಾದರೂ ಇರಲಿ. ನಿನಗೇನು?"

"ಇಷ್ಟು ಘಮ ಬರ್ತಿದೆಯಲ್ಲ, ಅದಕ್ಕೆ."

ಅಷ್ಟೇ ಮಾತು. ಅಲ್ಲಿಂದ ಹುಟ್ಟಿತು ನೋಡಿ ಅನುಮಾನ. ಬಂದು ಇನ್ನೂ ಕಾಲಿನ ಅರಿಶಿನ ಆರಿಲ್ಲ, ಆಗಲೇ ಕೋಣೆಯ ವಿಚಾರ ಯಾಕೆ ಇವಳಿಗೆ?

ಅದಾಗಿ ಸ್ವಲ್ಪ ದಿನಕ್ಕೇ ಊರ ಯಜಮಾನರ ಮನೆ ಮದುವೆ ಬಂತು. ಆ ದಿನ ಬೆಳಗ್ಗೆ ಹೊನ್ನಾಜಮ್ಮ ಹುಲ್ಲು ಸರಿಸಿದಳು. ಮೇಲಿನ ಸಾಲು ಮಾವು ಮೆತ್ತಗೆ. ಎರಡನೆಯ ಸಾಲು ಕಪ್ಪಗೆ. ಅಡಿಯ ಸಾಲು? ಕೇಳಬೇಡಿ, ಹುಲ್ಲಿಗೆ ಅಂಟಿದ ಪಾಯಸ. ಯಜಮಾನರ ಹೆಂಡತಿ ಬೀಗರ ಮುಂದೆ ಕಣ್ಣೀರು ಹಾಕಿದರು. ಹೊನ್ನಾಜಮ್ಮನಿಗೆ ಆ ದಿನ ವೀಳ್ಯ ಬಂತು, ಆದರೆ ಕೊನೆಗೆ ಬಂತು.

ವೀಳ್ಯ ಹಿಡಿದುಕೊಂಡು ಮನೆಗೆ ಬಂದವಳೇ ಕೋಣೆಯ ಬಾಗಿಲಲ್ಲಿ ಕೂತಳು. "ನನ್ನ ಮೂಗು ತಪ್ಪಿದ್ದು ಯಾವತ್ತಾದರೂ ಉಂಟಾ? ಇಲ್ಲ. ಹಾಗಾದರೆ ಬೇರೆ ಕೈ ಆಡಿದೆ. ಯಾರ ಕೈ? ಈ ಮನೆಗೆ ಹೊಸದಾಗಿ ಬಂದ ಕೈ ಯಾವುದು?"

ನೀವೇ ಹೇಳಿ. ಲೆಕ್ಕ ಸರಿಯಾಗಿಯೇ ಇತ್ತಲ್ಲ?

ಆ ಹೊತ್ತಿಗೆ ಅಂಗಳ ಗುಡಿಸುತ್ತಿದ್ದ ದೇವೀರಿಯನ್ನು ಕರೆದು ಎಲ್ಲರ ಮುಂದೆ ಹೇಳಿಬಿಟ್ಟಳು. "ನೋಡು ಹೆಣ್ಣೆ. ಆ ಕೋಣೆಗೆ ನೀನು ಹೋದದ್ದು ಗೊತ್ತಾದ ದಿನ ನಿನ್ನ ಗಂಟು ಕಟ್ಟಿ ತವರಿಗೆ ಕಳಿಸ್ತೀನಿ. ಮತ್ತೆ ಈ ಹೊಸ್ತಿಲು ನಿನಗಿಲ್ಲ."

ದೇವೀರಿ ಪೊರಕೆ ಹಿಡಿದು ನಿಂತೇ ಇದ್ದಳು. ಚೆಲುವಯ್ಯನ ಮುಖ ಬಿಳಿಚಿಕೊಂಡಿತು. ಪಾಪ, ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗಷ್ಟೇ ನಗು ಬರುವುದಕ್ಕೆ ಶುರುವಾಗಿತ್ತು. ಮರಿಯಪ್ಪ ಏನೋ ಹೇಳಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿದ. ಬಾಯಿಗೆ ಅಡಿಕೆ ಹಾಕಿಕೊಂಡ.

ಅಂದಿನಿಂದ ಹೊನ್ನಾಜಮ್ಮನಿಗೆ ಕಣ್ಣೆಲ್ಲ ಕೋಣೆಯ ಮೇಲೆ. ಬೆಳಗ್ಗೆ ಹೋದರೆ ಹುಲ್ಲು ನಿನ್ನೆ ಇದ್ದಂತೆ ಇಲ್ಲ. ಅಡಿಯಲ್ಲಿದ್ದ ಮಾವು ಮೇಲಿದೆ. ಗೋಡೆ ಬದಿಯಲ್ಲಿದ್ದ ಬಾಳೆಗೊನೆ ಬಾಗಿಲ ಬದಿಗೆ ಬಂದು ಕೂತಿದೆ. ಬಾಳೆಗೊನೆಗೆ ಕಾಲು ಬಂತಾ? ಯಾರೋ ಒಳಗೆ ಹೋಗುತ್ತಿದ್ದಾರೆ. ಅದಂತೂ ದೇವರಾಣೆ ಸತ್ಯ.

ಯಾರು? ಹಿಡಿಯುವುದು ಹೇಗೆ? ಹೊನ್ನಾಜಮ್ಮ ಯೋಚಿಸಿದಳು. ಮನುಷ್ಯರನ್ನು ಸಾಕ್ಷಿಗೆ ನಿಲ್ಲಿಸಿದರೆ ಪ್ರಯೋಜನವಿಲ್ಲ, ಮಾತು ತಿರುಗಿಸುತ್ತಾರೆ. ಹಣ್ಣುಗಳನ್ನೇ ಕಾವಲಿಗೆ ಇಡೋಣ ಅಂದುಕೊಂಡಳು.

ಮೊದಲು ನೇರಳೆ. ನೇರಳೆ ತಿಂದವರು ಅಡಗುವಂತಿಲ್ಲ, ನಾಲಿಗೆಯೇ ಚಾಡಿ ಹೇಳುತ್ತೆ. ಕಪ್ಪಗೆ ಮಿಂಚುವ ನೇರಳೆ ಒಂದು ಬಟ್ಟಲು ತುಂಬಿ ಕೋಣೆಯೊಳಗೆ ಬಾಗಿಲ ಪಕ್ಕದಲ್ಲೇ ಇಟ್ಟಳು. ಮುಳ್ಳುಗಿಡದ ಹಣ್ಣು ತಿಂದು ಬೆಳೆದ ಹುಡುಗಿ, ಇದನ್ನು ಕಂಡು ಕೈ ತಡೆದಾಳೆಯೇ?

ಮಾರನೆಯ ಬೆಳಗ್ಗೆ ಬಟ್ಟಲು ಅರ್ಧಕ್ಕೆ ಇಳಿದಿತ್ತು. ಹೊನ್ನಾಜಮ್ಮ ಪಡಸಾಲೆಗೆ ಬಂದವಳೇ, "ಎಲ್ಲರೂ ಬನ್ನಿ ಇಲ್ಲಿ. ನಾಲಿಗೆ ಚಾಚಿ!"

ದೇವೀರಿ ಚಾಚಿದಳು. ಕೆಂಪಗೆ, ಶುಭ್ರ.

ಚೆಲುವಯ್ಯ ಚಾಚಿದ. ಕೆಂಪಗೆ, ಶುಭ್ರ.

ಮರಿಯಪ್ಪ ಮಾತ್ರ ಬಾಯಿ ಬಿಗಿಹಿಡಿದು ತಲೆ ಆಡಿಸಿದ.

"ಚಾಚೀಂದ್ರೆ!"

ಚಾಚಿದ. ಬದನೆಕಾಯಿ ಬಣ್ಣ.

"ಅಯ್ಯೋ ನನ್ನ ಕರ್ಮವೇ! ಈ ವಯಸ್ಸಿಗೆ ಕಳ್ಳತನವಾ? ಕೇಳಿದ್ದರೆ ನಾನೇ ಕೊಡ್ತಿರಲಿಲ್ಲವಾ?"

"ಬಾಯಿ ಒಣಗಿತ್ತು ಕಣೆ," ಅಂದ ಮರಿಯಪ್ಪ.

"ಬಾಯಿ ಒಣಗಿದರೆ ನೀರಿನ ಮಡಕೆ ಇಲ್ಲವಾ ಮನೇಲಿ?"

ಮರಿಯಪ್ಪ ಮತ್ತೆ ತಲೆ ಆಡಿಸಿದ. ಹೊನ್ನಾಜಮ್ಮ ಅವನ ಮುಖವನ್ನೇ ನೋಡಿದಳು. ಈ ಮನುಷ್ಯ ಹುಟ್ಟಿದಾಗಿನಿಂದ ಹೆಂಡತಿಯ ಮಾತು ಮೀರಿದವನಲ್ಲ. ಇವನಾಗಿಯೇ ಒಳಗೆ ಹೋಗಿರುವುದು ಸುಳ್ಳು. ಯಾರೋ ಕಳಿಸಿದ್ದಾರೆ. ಯಾರು?

ಎರಡನೆಯದು ಹಲಸಿನ ಅಂಟು. ಎಳೆ ಹಲಸಿನಕಾಯಿ ಕುಯ್ದರೆ ಬರುತ್ತಲ್ಲ, ಹಾಲಿನಂಥ ಅಂಟು, ಅದನ್ನು ತಂದು ಕೋಣೆಯ ಚಿಲಕಕ್ಕೆ ತೆಳ್ಳಗೆ ಸವರಿದಳು. ಹಿಡಿದ ಕೈ ಕಪ್ಪಗಾಗುತ್ತೆ. ನೀರಿಗೆ ಹೋಗದು, ಬೂದಿಗೆ ಹೋಗದು, ಎಣ್ಣೆಗೆ ಮಾತ್ರ ಬಿಡುತ್ತೆ. ಎಣ್ಣೆ ಗಡಿಗೆಯನ್ನು ತನ್ನ ಮಂಚದ ಕೆಳಗೆ ಇಟ್ಟುಕೊಂಡು ಕೂತಳು.

ಬೆಳಗ್ಗೆ ಹಿತ್ತಲಲ್ಲಿ ಉಜ್ಜುವ ಸದ್ದು. ಹೋಗಿ ನೋಡಿದರೆ ಚೆಲುವಯ್ಯ. ಕೈಗೆ ಬೂದಿ, ಮೊಣಕೈವರೆಗೆ ಬೂದಿ, ಮೂಗಿನ ತುದಿಗೂ ಬೂದಿ.

"ಏನೋ ಅದು?"

"ಎತ್ತಿನ ಹಗ್ಗ ಹಿಡಿದೆ ಅವ್ವ, ಜಿಡ್ಡಾಯಿತು."

"ಎತ್ತಿನ ಹಗ್ಗಕ್ಕೆ ಹಲಸಿನ ಅಂಟು ಬಳಿದವರು ಯಾರಪ್ಪ? ಎತ್ತೇ ಬಳಿದುಕೊಂಡಿತಾ?"

ಚೆಲುವಯ್ಯ ಎತ್ತಿನ ಕಡೆ ನೋಡಿದ. ಎತ್ತು ಬೇರೆ ಕಡೆ ನೋಡಿತು.

ಕೇಳಿ, ಈಗ ಹೊನ್ನಾಜಮ್ಮನಿಗೆ ಎಲ್ಲ ಬೆಳಕಾಯಿತು. ದೇವೀರಿಯ ಮಾವನ ಬಾಯಿ ಸಿಕ್ಕಿಬಿತ್ತು. ಅವಳ ಗಂಡನ ಕೈ ಸಿಕ್ಕಿಬಿತ್ತು. ಅವಳ ಒಂದು ಕೂದಲೂ ಸಿಕ್ಕಲಿಲ್ಲ. ಎಂಥ ಚಾಲಾಕಿ! ತಾನು ಅಂಗಳ ಗುಡಿಸುತ್ತಾ ನಿಂತಿರುತ್ತಾಳೆ, ಇವರಿಬ್ಬರನ್ನೂ ಗೊಂಬೆಗಳ ಹಾಗೆ ಆಡಿಸುತ್ತಾಳೆ. ನನ್ನ ಅಡೆ ಕೆಡಿಸಿ, ಊರ ಮುಂದೆ ನನ್ನ ಮಾನ ಕಳೆದು, ಕೋಣೆ ತಾನು ಹಿಡಿಯಬೇಕು ಅಂತ ಇವಳ ಹಂಚಿಕೆ. ಆಯಿತು, ಆಯಿತು.

ಮೂರನೆಯದಕ್ಕೆ ಹೊನ್ನಾಜಮ್ಮ ತನ್ನ ದೊಡ್ಡ ಕಾವಲುಗಾರನನ್ನೇ ಕರೆದಳು. ಯಾರು ಅಂತೀರಿ? ಹಲಸಿನ ಹಣ್ಣು! ಉಳಿದ ಹಣ್ಣನ್ನು ಸೆರಗಿನಲ್ಲಿ ಮುಚ್ಚಬಹುದು. ಹಲಸನ್ನು ಮುಚ್ಚುವ ಸೆರಗು ಇನ್ನೂ ನೇಯ್ದಿಲ್ಲ. ಅದನ್ನು ಯಾರು ಎತ್ತಿಕೊಂಡು ಹೋಗಿ ಎಲ್ಲಿ ಬಚ್ಚಿಟ್ಟರೂ ವಾಸನೆ ಹಿಂದೆಯೇ ಹೋಗಿ ಕೈ ತೋರಿಸುತ್ತೆ.

ಮಟಮಟ ಮಧ್ಯಾಹ್ನ, ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾಗ, ಬಲಿತ ಹಲಸಿನಕಾಯಿ ಒಂದನ್ನು ಗೋಣಿಯಲ್ಲಿ ಸುತ್ತಿ ತಾನೇ ಹೊತ್ತು ತಂದಳು. ಬೇಗ ಹಣ್ಣಾಗಲಿ ಅಂತ ತೊಟ್ಟಿಗೆ ಒಂದು ಗೂಟ ಹೊಡೆದಳು. ಕೋಣೆಯ ಹಿಂದಿನ ಮೂಲೆಯಲ್ಲಿ, ಆಳದಲ್ಲಿ, ಹುಲ್ಲಿನಡಿ ಹೂತಳು. ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ, ಮಗನಿಗೆ ಹೇಳಲಿಲ್ಲ, ದೇವರ ಮುಂದೆ ದೀಪ ಹಚ್ಚುವಾಗ ಮನಸ್ಸಿನಲ್ಲೂ ಹೇಳಲಿಲ್ಲ. ದಿನಾ ಬೆಳಗ್ಗೆ ಹೋಗುವಳು. ಬಾಗಿಲಲ್ಲಿ ನಿಲ್ಲುವಳು. ಮೂಗು ಏರಿಸುವಳು. ಊಂಹೂಂ. "ಇನ್ನೂ ಕಾಯಿ" ಅಂದುಕೊಂಡು ಹಿಂದಿರುಗುವಳು. ಹತ್ತಿರ ಹೋಗಿ ಮುಟ್ಟಿದರೆ ಹುಲ್ಲು ಕದಲಿ ಕಳ್ಳರಿಗೆ ಗೊತ್ತಾಗುತ್ತಲ್ಲ, ಅದಕ್ಕೆ ಮುಟ್ಟುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಎದುರುಮನೆಯ ಕುಂಬಾರ ಗಿಡ್ಡಮ್ಮ ಹೊಸ ಮಡಕೆ ತಂದುಕೊಟ್ಟಳು. ಹೋಗುವಾಗ ನಿಂತು, "ಹೊನ್ನಾಜಕ್ಕ, ಹಲಸು ಕುಯ್ದಾಗ ನಮಗೂ ನಾಲ್ಕು ತೊಳೆ ಇರಲಿ ಕಣಕ್ಕ" ಅಂದಳು.

ಹೊನ್ನಾಜಮ್ಮ ಮಡಕೆಯನ್ನು ಕೆಳಗಿಟ್ಟಳು. "ಯಾವ ಹಲಸು?"

ಗಿಡ್ಡಮ್ಮ ಅವಳ ಮುಖ ನೋಡಿದಳು. ಒಂದು ಥರ ನೋಡಿದಳು. "ಏನಿಲ್ಲ ಬಿಡಕ್ಕ" ಅಂತ ಬಿರಬಿರನೆ ನಡೆದಳು.

ಸಂಜೆ ಬಟ್ಟೆ ಗಂಟು ಹೊತ್ತ ಮಡಿವಾಳ ಬಂದ. ಗಂಟು ಇಳಿಸುತ್ತಲೇ, "ಈ ಸಲ ಹಲಸು ಜೋರಾಗಿದೆ ಅಲ್ವಾ ಅಮ್ಮ?" ಅಂದ.

ಮಾರನೆಯ ದಿನ ಬಾವಿಯ ಕಟ್ಟೆಯಲ್ಲಿ ಊರ ಯಜಮಾನರ ಹೆಂಡತಿ, "ಹೊನ್ನಾಜಮ್ಮ, ನಿಮ್ಮನೆ ಹಲಸು ಇನ್ನೂ ಯಾಕೆ ಕುಯ್ದಿಲ್ಲ?" ಅಂದರು. ಬೀದಿಯ ಹಸುವೊಂದು ಬೇರೆ ಕೋಣೆಯ ಹಿಂಗೋಡೆಗೆ ಹಣೆ ಒತ್ತಿಕೊಂಡು ನಿಂತುಬಿಟ್ಟಿತ್ತು, ಹೊಡೆದರೂ ಹೋಗದು. ಈ ಹಸುವಿಗೆ ಏನು ರೋಗ ಅಂದುಕೊಂಡಳು ಹೊನ್ನಾಜಮ್ಮ.

ಅವಳ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನಾನು ಯಾರಿಗೂ ಹೇಳಿಲ್ಲ. ಊರಿಗೆಲ್ಲ ಗೊತ್ತು. ಹಲಸಿನ ಸುದ್ದಿ ಹೇಳಿದವರು ಯಾರು?

ಕೋಣೆಯೊಳಗೆ ಹೋಗಿ ಕಂಡವರೇ ಹೇಳಿರಬೇಕು. ಬಾವಿಗೆ ಹೋಗುವವಳು ಯಾರು? ಮಡಿವಾಳನಿಗೆ ಬಟ್ಟೆ ಎಣಿಸಿ ಕೊಡುವವಳು ಯಾರು? ಗಿಡ್ಡಮ್ಮನ ಜಗಲಿಯಲ್ಲಿ ತಲೆ ಬಾಚಿಕೊಳ್ಳುವವಳು ಯಾರು? ದೇವೀರಿ, ದೇವೀರಿ, ದೇವೀರಿ. ಈ ಸಲ ನಾಲಿಗೆಯೂ ಬೇಡ, ಕೈಯೂ ಬೇಡ. ಸಿಕ್ಕಿಬಿದ್ದಳು!

ಬಯಲುಸೀಮೆ ಕಡೆ ಹೊರಟಿದ್ದ ಬಳೆಗಾರನ ಕೈಲಿ ದೇವೀರಿಯ ಅಪ್ಪನಿಗೆ ಹೇಳಿ ಕಳಿಸಿದಳು. "ಬಂದು ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ." ಅವನು ಬರುವ ದಿನಕ್ಕೆ ಊರ ಯಜಮಾನರನ್ನೂ ಜಗಲಿಗೆ ಕರೆಸಿದಳು. ಗಿಡ್ಡಮ್ಮ ಬಂದಳು. ಮಡಿವಾಳ ಬಂದ. ಕರೆಯದವರೂ ಬಂದರು, ಇಂಥದ್ದಕ್ಕೆ ಕರೆಯಬೇಕಾ? ದೇವೀರಿ ಕಂಬದ ಮರೆಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ಅವಳ ಬಟ್ಟೆಯ ಗಂಟು. ಚೆಲುವಯ್ಯ ಆ ಗಂಟಿನ ಮೇಲೆ ಒಂದು ಕೈ ಇಟ್ಟುಕೊಂಡು ಕೂತಿದ್ದ, ಯಾರೋ ಎತ್ತಿಕೊಂಡು ಓಡುತ್ತಾರೇನೋ ಅನ್ನುವ ಹಾಗೆ.

ಹೊನ್ನಾಜಮ್ಮ ಸೆರಗು ಬಿಗಿದಳು. "ಯಜಮಾನರೇ, ನ್ಯಾಯ ನೀವೇ ಹೇಳಿ. ನಾನು ಕೋಣೆಯಲ್ಲಿ ಒಂದು ಹಲಸು ಬಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ. ಗಿಡ್ಡಿ, ನಿನಗೆ ನಾನು ಹೇಳಿದೆನಾ?"

"ಇಲ್ಲ ಕಣಕ್ಕ."

"ಏನಯ್ಯ, ನಿನಗೆ ಹೇಳಿದೆನಾ?"

"ಇಲ್ಲ ಅಮ್ಮ," ಅಂದ ಮಡಿವಾಳ.

"ಯಜಮಾನರೇ, ನಿಮ್ಮ ಹೆಂಡತಿಗೆ ನಾನು ಹೇಳಿದೆನಾ?"

"ಇಲ್ಲಮ್ಮ, ಆದರೆ..."

"ಆದರೆ ಗೀದರೆ ಬೇಡ. ನಾನು ಹೇಳಿಲ್ಲ, ನಿಮಗೆಲ್ಲ ಗೊತ್ತು. ಹಾಗಾದರೆ ಹೇಳಿದವರು ಯಾರು?"

ಯಜಮಾನರು ಮೀಸೆ ಸವರಿಕೊಂಡರು. ಗಿಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಎಲ್ಲರ ಮುಖ ನೋಡಿದರು. ಹೊನ್ನಾಜಮ್ಮನ ಮುಖ ಮಾತ್ರ ಯಾರೂ ನೋಡಲಿಲ್ಲ. ಮರಿಯಪ್ಪ ಎದ್ದು, "ಹೊನ್ನಿ, ಅದು ಹಾಗಲ್ಲ ಕಣೆ..." ಅಂದ.

ಅಷ್ಟರಲ್ಲಿ ಕಂಬದ ಮರೆಯಿಂದ ಧ್ವನಿ ಬಂತು.

"ನಾನೇ ಹೇಳಿದ್ದು."

ದೇವೀರಿ ತಲೆ ಎತ್ತಲಿಲ್ಲ. "ಕೋಣೆಗೆ ಹೋದವಳು ನಾನು. ಹಲಸು ನೋಡಿದವಳು ನಾನು. ಎಲ್ಲರಿಗೂ ಹೇಳಿದವಳೂ ನಾನೇ ಅತ್ತೆ."

ಗೆದ್ದೆ ಅಂತ ಹೊನ್ನಾಜಮ್ಮನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾಕೆ? ಗಿಡ್ಡಮ್ಮ ಬೆರಗಿನಿಂದ ದೇವೀರಿಯನ್ನು ನೋಡುತ್ತಿದ್ದಳು. ಸುದ್ದಿ ಹೇಳಿದವಳನ್ನು ಆ ಸುದ್ದಿ ಕೇಳಿದವಳು ಹಾಗೆ ಬೆರಗಾಗಿ ನೋಡುತ್ತಾಳಾ?

ಆಗಲೇ ಬೀದಿಯಲ್ಲಿ ದೇವೀರಿಯ ಅಪ್ಪ ಜವರಯ್ಯ ಕಾಣಿಸಿದ. ಕೆಂಪು ಧೂಳು ಮೆತ್ತಿದ ಕಾಲು, ಹೆಗಲ ಮೇಲೆ ಕಂಬಳಿ. ಈ ಊರನ್ನು ಅವನು ಕಣ್ಣಲ್ಲಿ ಕಂಡವನಲ್ಲ. ಮನೆಯ ಮುಂದೆ ಬಂದು ನಿಂತ. ಕೈ ಮುಗಿದ. ಮೂಗು ಅರಳಿಸಿದ.

"ಬೀಗಿತ್ತಮ್ಮ, ಇದೇನು ಈ ವಾಸನೆ?"

ಮಡಿವಾಳ ಕೆಮ್ಮಿದ.

"ಹಳ್ಳ ದಾಟಿದ ಕೂಡಲೇ ಹಿಡಿಯಿತು ನೋಡಿ. ಇದೇನು ಜೇನಾ, ಬೆಲ್ಲದ ಪಾಕವಾ, ಏನೂ ತಿಳಿಯಲಿಲ್ಲ. ಹುಡುಗಿ ಮದುವೆಯಲ್ಲಿ ನಿಮ್ಮದು ಹಣ್ಣಿನ ಮನೆ ಅಂದಿದ್ರಲ್ಲ, ಅಲ್ಲಿಂದಲೇ ಇರಬೇಕು ಅಂತ ಮೂಗು ತೋರಿಸಿದ ಕಡೆ ಬಂದೆ. ಯಾರನ್ನೂ ದಾರಿ ಕೇಳಲಿಲ್ಲ. ಏನಮ್ಮ ಅದು, ಹೆಸರೇನು ಅದಕ್ಕೆ?"

"ಅಪ್ಪಾ, ಬಳೆಗಾರನ ಕೈಲಿ ನಾನೇ ಹೇಳಿ ಕಳಿಸಿದ್ದೆನಲ್ಲ, ಹಲಸು ಅಂತ!" ಅಂದಳು ದೇವೀರಿ ಗಾಬರಿಯಿಂದ.

"ಇಲ್ಲವಲ್ಲ ಮಗಾ. ಹಲಸು ಅಂದರೇನು?"

ಕೇಳಿ, ಈಗ ಹೊನ್ನಾಜಮ್ಮ ಏನು ಮಾಡಬೇಕು? ಅನುಮಾನದ ಬುದ್ಧಿ ಅಷ್ಟು ಸುಲಭವಾಗಿ ಸೋಲುತ್ತಾ? ಬಳೆಗಾರ ಹೇಳಿರಬಹುದಾ ಅಂತ ನೋಡಿತು. ಹೇಳಿದ್ದರೆ ಹೆಸರು ಗೊತ್ತಿರುತ್ತಿತ್ತು. ದಾರಿಯವರು ಹೇಳಿರಬಹುದಾ? ಇವನು ಯಾರನ್ನೂ ಕೇಳಿಲ್ಲ. ನಟನೆ ಇರಬಹುದಾ? ಆ ಧೂಳು ಮುಖದಲ್ಲಿ ನಟನೆ ಎಲ್ಲಿ ಕೂರಬೇಕು? ಎಲ್ಲ ಬಾಗಿಲೂ ತಟ್ಟಿ ತಟ್ಟಿ, ತೆರೆಯದೆ, ಕೊನೆಗೆ ಅನುಮಾನ ತನ್ನ ಮನೆಗೇ ಬಂದು ನಿಂತಿತು. ಹೊನ್ನಾಜಮ್ಮ ಎದ್ದು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು.

ಹಿಂದಿನ ಮೂಲೆಯ ಹುಲ್ಲು ಸರಿಸಿದಳು. ಹಲಸು ತಾನಾಗಿಯೇ ಬಿರಿದಿತ್ತು. ಕೈ ಇಟ್ಟರೆ ಬೆರಳು ಒಳಗೆ ಇಳಿಯಿತು. ನೊಣಗಳು ಎದ್ದು ಮುಖಕ್ಕೆ ಬಡಿದವು. ಬಗ್ಗಿದಳು. ಬಿರುಕಿಗೆ ಮೂಗು ಒತ್ತಿ, ಉಸಿರು ಎಳೆದಳು, ಎಳೆದಳು, ಎಳೆದಳು.

ಏನೂ ಇಲ್ಲ. ಕಲ್ಲನ್ನು ಮೂಸಿದ ಹಾಗೆ.

ಅಲ್ಲೇ ಕುಕ್ಕರಿಸಿದಳು. ಸುತ್ತ ನೋಡಿದಳು. ಹಣ್ಣಾದ ಮಾವನ್ನೆಲ್ಲ ಯಾರೋ ಆರಿಸಿ, ಬಾಗಿಲು ತೆರೆದರೆ ಕಣ್ಣಿಗೆ ಬೀಳುವ ಹಾಗೆ ಮೇಲಕ್ಕೆ ಇಟ್ಟಿದ್ದರು. ಬಾಳೆ ಮಾವನ್ನು ಅವಸರಪಡಿಸದ ಹಾಗೆ ದೂರ ಇಟ್ಟಿದ್ದರು. ಇಷ್ಟು ದಿನ ಕಳ್ಳರು ಕಳ್ಳರು ಅಂದಳಲ್ಲ, ಏನು ಕಳುವಾಗಿದೆ ಅಂತ ಒಂದು ದಿನವಾದರೂ ನೋಡಿದಳಾ? ಒಂದು ಹಿಡಿ ನೇರಳೆ ಬಿಟ್ಟರೆ ಏನೂ ಹೋಗಿರಲಿಲ್ಲ.

ಹೊರಗೆ ಮಾತು ಕೇಳಿಸುತ್ತಿತ್ತು. "ಹುಡುಗಿಯೇ ಒಪ್ಪಿಕೊಂಡ ಮೇಲೆ ನಾನೇನು ಹೇಳಲಿ," ಅನ್ನುತ್ತಿದ್ದರು ಯಜಮಾನರು. "ತಪ್ಪು ನಂದೇ ಅಪ್ಪಾ, ಹೊತ್ತು ಮುಳುಗೋ ಮುಂಚೆ ಹೊರಡೋಣ," ಅನ್ನುತ್ತಿದ್ದಳು ದೇವೀರಿ.

ನೋಡಿ, ಸುಮ್ಮನೆ ಕೂತರೆ ಸಾಕಿತ್ತು. ಹುಡುಗಿ ಹೋಗುತ್ತಾಳೆ. ಕೋಣೆ ಉಳಿಯುತ್ತೆ, ಮೊದಲ ವೀಳ್ಯ ಉಳಿಯುತ್ತೆ, ಹೆಸರು ಉಳಿಯುತ್ತೆ. ಜಗಲಿಯವರು ಬಾಯಿ ಬಿಡುವುದಿಲ್ಲ. ಇಷ್ಟು ದಿನ ಬಿಟ್ಟಿದ್ದಾರಾ? ಹೊನ್ನಾಜಮ್ಮ ಕೂತಳು. ಸ್ವಲ್ಪ ಹೊತ್ತು ನಿಜವಾಗಿಯೂ ಸುಮ್ಮನೆ ಕೂತಳು. ಹೊರಗೆ ಗಂಟು ಎತ್ತಿದ ಸದ್ದಾಯಿತು.

ಬಾಗಿಲು ದಢಾರನೆ ತೆರೆಯಿತು. ಹೊನ್ನಾಜಮ್ಮ ಬಿರಿದ ಹಲಸನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ತಬ್ಬಿಕೊಂಡು ಬಂದಳು. ರಸ ಸೀರೆಗೆಲ್ಲ ಇಳಿಯುತ್ತಿತ್ತು. ತಂದು ಜಗಲಿಯ ನಡುವೆ ಇಟ್ಟಳು.

"ಗಿಡ್ಡಿ, ಸತ್ಯ ಹೇಳು. ಯಾವತ್ತಿನಿಂದ ನಾರ್ತಿದೆ ಇದು?"

ಗಿಡ್ಡಮ್ಮ ಯಜಮಾನರನ್ನು ನೋಡಿದಳು, ನೆಲ ನೋಡಿದಳು. "ಹೋದ ಸಂತೆಯಿಂದ ಕಣಕ್ಕ. ನಮ್ಮನೇಲಿ ಊಟ ಮಾಡೋಕೂ ಆಗ್ತಿಲ್ಲ."

ಯಾರೋ ಕಿಸಕ್ ಅಂದರು. ಹೊನ್ನಾಜಮ್ಮ ಅತ್ತ ತಿರುಗಲಿಲ್ಲ.

"ಎಲ್ಲರೂ ಕೇಳಿ. ಈ ಹುಡುಗಿ ಯಾರಿಗೂ ಏನೂ ಹೇಳಿಲ್ಲ. ನಿಮಗೆ ಹೇಳಿದ್ದು ಈ ಹಲಸು. ನನಗೊಬ್ಬಳಿಗೆ ಹೇಳಲಿಲ್ಲ. ನನ್ನ ಮೂಗು ಸತ್ತುಹೋಗಿದೆ. ಯಜಮಾನರೇ, ನಿಮ್ಮನೆ ಮದುವೆ ಹಣ್ಣು ಕೆಡಿಸಿದವಳು ನಾನು." ಆಮೇಲೆ ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

ಮರಿಯಪ್ಪ ತಲೆ ಆಡಿಸಿದ. "ಮಗನ ಮದುವೆಯಿಂದ ಬರುವಾಗ ಮಳೇಲಿ ನೆನೆದು ನೆಗಡಿ ಹಿಡಿಯಿತಲ್ಲ ನಿನಗೆ? ನೆಗಡಿ ಹೋಯಿತು, ಹೋಗ್ತಾ ಮೂಗನ್ನೂ ತಗೊಂಡು ಹೋಯಿತು. ಮೊದಲು ಕಂಡುಹಿಡಿದದ್ದು ಈ ಮಗು. ದಿನಾ ಕೋಣೆ ಹೊರಗೆ ನಿಂತು ವಾಸನೆ ನೋಡಿ ನಮಗೆ ಹೇಳೋದು. ನಾವು ಅಪ್ಪ ಮಗ ಒಳಗೆ ಹೋಗಿ ಹಣ್ಣಾದದ್ದನ್ನ ಮೇಲಿಡೋದು. ನೀನು ಬಚ್ಚಿಟ್ಟ ಹಲಸನ್ನ ಮಾತ್ರ ಮುಟ್ಟಲಿಲ್ಲ, ಮುಟ್ಟಿದರೆ ಸಿಕ್ಕಿಬೀಳ್ತೀವಲ್ಲ. ಅವಳು ಮಾತ್ರ ಹೊಸ್ತಿಲು ದಾಟಿಲ್ಲ, ನೀನು ಬೇಡ ಅಂದಿದ್ದೀಯಲ್ಲ."

"ನನಗೆ ಹೇಳೋಕೆ ಏನಾಗಿತ್ತು?"

"ಹೇಳಿದ್ದರೆ ನಂಬ್ತಿದ್ದೆಯಾ? ಕೋಣೆ ಕಿತ್ತುಕೊಳ್ಳೋಕೆ ಮೂವರೂ ಸೇರಿ ಸಂಚು ಮಾಡಿದ್ದೀರಿ ಅಂತಿದ್ದೆ."

ಹೊನ್ನಾಜಮ್ಮ ಯೋಚಿಸಿದಳು. "ಹೌದು, ಅಂತಿದ್ದೆ," ಅಂದಳು.

ದೇವೀರಿಯ ಹತ್ತಿರ ಹೋದಳು. ಅಂಟು ಕೈಯಲ್ಲೇ ಅವಳ ಗಲ್ಲ ಹಿಡಿದು ಎತ್ತಿದಳು. "ನಿನಗೆ ಹುಚ್ಚೇನೇ? ಮಾಡದ ತಪ್ಪನ್ನ ಯಾಕೆ ಹೊತ್ತುಕೊಂಡೆ?"

"ಇಷ್ಟು ಜನರ ಎದುರಿಗೆ ನಿಮ್ಮ ಮೂಗಿನ ವಿಚಾರ ಹೇಗೆ ಹೇಳಲಿ ಅತ್ತೆ?" ಅಂದಳು ದೇವೀರಿ. ಆಮೇಲೆ ಅವಳಿಗೆ ಅಳು ಬಂತು. ಹೊನ್ನಾಜಮ್ಮ ಕಣ್ಣು ಒರೆಸಲು ಹೋದಳು, ಕೈಯ ಅಂಟು ಹುಡುಗಿಯ ಕೆನ್ನೆಗೆಲ್ಲ ಹತ್ತಿತು. ಚೆಲುವಯ್ಯ ಎದ್ದು ಓಡಿಹೋಗಿ ಎಣ್ಣೆ ಗಡಿಗೆ ತಂದ.

ಎಲ್ಲರೂ ಕೈಗೆ ಎಣ್ಣೆ ಸವರಿಕೊಂಡು ಹಲಸಿಗೆ ಕೂತರು. ಜವರಯ್ಯ ಮೊದಲ ತೊಳೆ ಬಾಯಿಗೆ ಹಾಕಿಕೊಂಡವನು ಕಣ್ಣು ಮುಚ್ಚಿದ, ಎರಡನೆಯದಕ್ಕೆ ತಲೆ ಆಡಿಸಿದ, ಮೂರನೆಯದಕ್ಕೆ ಬಂದ ಕೆಲಸವನ್ನೇ ಮರೆತ. ಹೊನ್ನಾಜಮ್ಮ ಅಲ್ಲೇ ಹೇಳಿದಳು, ಇನ್ನು ಮೇಲೆ ಬಾಗಿಲಲ್ಲಿ ನಿಲ್ಲುವ ಮೂಗು ಸೊಸೆಯದು ಅಂತ. ದೇವೀರಿ ಹೆದರಿದಳು. "ವಾಸನೆ ಗೊತ್ತಾಗುತ್ತೆ ಅತ್ತೆ, ಅದು ನಾಳೆಯದೋ ನಾಡಿದ್ದಿನದೋ ಅಂತ ನನಗೆ ಗೊತ್ತಾಗಲ್ಲ."

"ನೀನು ಮೂಸಿ ಹೇಳು, ಅದು ಯಾವತ್ತಿನದು ಅಂತ ನಾನು ಹೇಳ್ತೀನಿ. ಸುಳ್ಳು ಹೇಳಿದರೆ ಮಾತ್ರ ಸುಮ್ಮನಿರಲ್ಲ."

ಬುದ್ಧಿ ಒಂದೇ ದಿನದಲ್ಲಿ ಹೋಗುತ್ತಾ ಹೇಳಿ? ತೊಳೆ ಬಿಡಿಸುತ್ತಿದ್ದವಳ ಕೈ ನಿಂತಿತು. ಗಂಡನನ್ನು ನೋಡಿದಳು. ಮಗನನ್ನು ನೋಡಿದಳು. ಸೊಸೆಯನ್ನು ನೋಡಿದಳು. ಕಣ್ಣು ಸಣ್ಣದು ಮಾಡಿದಳು.

"ನಿಜ ಹೇಳಿ. ನನ್ನಿಂದ ಇನ್ನೂ ಏನಾದರೂ ಮುಚ್ಚಿಟ್ಟಿದ್ದೀರಾ?"

ಚೆಲುವಯ್ಯ ಸೂರು ನೋಡಿದ. ದೇವೀರಿ ಕಾಲ ಬೆರಳು ನೋಡಿಕೊಂಡಳು. ಮರಿಯಪ್ಪ ಬಾಯಲ್ಲಿದ್ದ ತೊಳೆಯನ್ನು ನಿಧಾನವಾಗಿ ನುಂಗಿದ.

"ನಿನ್ನ ಸಾರಿನ ಒಗ್ಗರಣೆ ಕಣೆ," ಅಂದ. "ದಿನಾ ಸೀದು ಕರಕಲಾಗ್ತಿದೆ. ಮಗನ ಮದುವೆ ಆದಾಗಿನಿಂದ."

ಜಗಲಿಯವರು ನಗಲೋ ಬೇಡವೋ ಅಂತ ಹೊನ್ನಾಜಮ್ಮನ ಮುಖ ನೋಡಿದರು. ಮೊದಲು ನಕ್ಕವಳು ಅವಳೇ.

ಅವರ ಹಣ್ಣು ಅವರು ತಿಂದರು. ತೊಳೆ ಅವರ ಪಾಲಿಗೆ, ಬೀಜ ನಮ್ಮ ಪಾಲಿಗೆ. ಸುಟ್ಟು ತಿನ್ನುವವರು ಸುಟ್ಟು ತಿನ್ನಿ, ಬಿತ್ತುವವರು ಬಿತ್ತಿ, ಏಳುವವರು ಏಳಿ. ಕಥೆ ಮಾಗಿತು, ತೊಟ್ಟು ಕಳಚಿತು.